ಸ್ಪ್ಯಾಮಿಗೆ ಬಿದ್ದ ರಾಜೀನಾಮೆ

ಶನಿವಾರ ಬೆಳಿಗ್ಗೆ ಸಿಟ್ಟಿನ ಭರದಲ್ಲಿ ಕಳಿಸಿದ ಮೂರು ಸಾಲಿನ ಇ-ಮೇಲು ಖಂಡಪ್ಪನ ನಿದ್ದೆ ಕೆಡಿಸಿತ್ತು.

ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ನಟ್ಟು-ಬೋಲ್ಟಿನ ಸಣ್ಣ ಫ್ಯಾಕ್ಟರಿಯೊಂದರಲ್ಲಿ ಅವನು ಹತ್ತೊಂಬತ್ತು ವರ್ಷದಿಂದ ಸ್ಟೋರ್‌ಕೀಪರ್. ಅಂದು ಮ್ಯಾನೇಜರ್ ಸತ್ಯಮೂರ್ತಿ ಎಲ್ಲರೆದುರು ಬೈದಿದ್ದರು. ಘಾಟ್ಕೋಪರದ ಗೋಡೌನಿನಲ್ಲಿ ಕೆಲಸ ಕೊಡುತ್ತೇನೆಂದು ಗೆಳೆಯ ಶ್ರೀಶೈಲ ಹೇಳಿದ್ದ ಧೈರ್ಯದ ಮೇಲೆ ಖಂಡಪ್ಪ ಮೊಬೈಲಿನಲ್ಲೇ ಸತ್ಯಮೂರ್ತಿಯವರಿಗೆ ರಾಜೀನಾಮೆ ಬರೆದು ಕಳಿಸಿಬಿಟ್ಟ. ಭಾನುವಾರ ಅದೇ ಶ್ರೀಶೈಲ ಫೋನ್ ಮಾಡಿ, "ಆ ಕೆಲಸಾ ನಮ್ಮ ಅಳಿಯಾಗ ಕೊಟ್ಟೆಪಾ, ಬ್ಯಾಸರಾ ಮಾಡ್ಕೋಬ್ಯಾಡ" ಅಂದ. ಗಾಬರಿಬಿದ್ದ ಖಂಡಪ್ಪ ಮೇಲನ್ನು ಅಳಿಸಿದ. ಅಳಿಸಿದ್ದು ಹೋಗಿ ಕೂತಿದ್ದ ಕಸದ ಬುಟ್ಟಿಯನ್ನೂ ಬರಿದು ಮಾಡಿದ.

ಸೋಮವಾರ ಇದನ್ನು ಕೇಳಿ ಡಿಸ್ಪ್ಯಾಚಿನ ದೇವಾನಂದ ಹಣೆ ಚಚ್ಚಿಕೊಂಡ.

"ನಿನ್ನ ಫೋನಿನಾಗ ಅಳಿಸಿದ್ರ ಸಾಹೇಬ್ರ ಕಡೆ ಹ್ಯಾಂಗ ಹೋಗ್ತದೋ? ಟಪಾಲಿಗೆ ಹಾಕಿದ ಕಾಗದದ ಝೆರಾಕ್ಸ್ ಹರದಂಗಾತು!"

ಖಂಡಪ್ಪನ ಮುಖ ಹಳೇ ಗೋಣಿಚೀಲದಂತೆ ಕುಸಿಯಿತು. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಅಕೌಂಟ್ಸಿನ ಶೈಲಾ ಕುರ್ಚಿ ಎಳೆದುಕೊಂಡು ಬಂದಳು.

"ಟೆನ್ಷನ್ ಮತ್ ಲೋ ಅಂಕಲ್. ನಿಮ್ದು ಯಾವ ಮೇಲ್?"

"ಫ್ರೀದವ್ವಾ. ಸೈಬರ್‌ದಾಗ ಹಿಂದ ಎಂದೋ ಮಾಡಿಸಿದ್ದು."

"ಅರೆ, ಫ್ರೀದು ಎಲ್ಲಾ ಸೇಮ್ ಅಲ್ಲ! ಕೆಲವು ಸ್ಪ್ಯಾಮಿಗೇ ಹಾಕ್ತದೆ, ಸಾಹೇಬ್ರು ನೋಡೇ ಇರಲ್ಲ. ಟೆಸ್ಟ್ ಮಾಡುವಾ."

ಪರೀಕ್ಷೆ ಶುರುವಾಯಿತು. ಖಂಡಪ್ಪ ಮೊದಲು ದೇವಾನಂದನಿಗೆ 'ನಮಸ್ಕಾರ' ಕಳಿಸಿದ. ದೇವಾನಂದನ ಮೇಲು ಬಾಗಿಲಿಲ್ಲದ ಧರ್ಮಶಾಲೆ. ಲಾಟರಿ, ಸಾಲ, ಬೊಕ್ಕತಲೆಯ ಎಣ್ಣೆ ಎಲ್ಲ ಒಳಗೆ ಕಾಲು ಚಾಚಿಕೊಂಡಿದ್ದವು. ಖಂಡಪ್ಪನ ನಮಸ್ಕಾರವೂ ಅವುಗಳ ತಲೆಯ ಮೇಲೆ ಹೋಗಿ ಕೂತಿತು. ಸ್ಪ್ಯಾಮಿಗೆ ಬೀಳಲಿಲ್ಲವೆಂದು ಅವನಿಗೆ ಅಳುವೇ ಬಂತು.

ಶೈಲಾಳದು ಬೇರೆ ಕಂಪನಿಯ ಫ್ರೀ ಮೇಲು. ಬಿಲ್ಡಿಂಗಿನ ಮಾಲೀಕನನ್ನೇ ತಡೆದು ನಿಲ್ಲಿಸುವ ವಾಚ್‌ಮನ್ ಥರದ್ದು. ಅಲ್ಲಿ ನಮಸ್ಕಾರ ಸ್ಪ್ಯಾಮಿಗೆ ಬಿತ್ತು. ಮೇಲೆ ಕೆಂಪಕ್ಷರದಲ್ಲಿ 'ಈ ವ್ಯಕ್ತಿ ಅಪಾಯಕಾರಿ ಇರಬಹುದು' ಎಂಬ ಎಚ್ಚರಿಕೆ. ಅಪಾಯಕಾರಿ ಅನ್ನಿಸಿಕೊಂಡು ಖಂಡಪ್ಪ ಜನ್ಮದಲ್ಲಿ ಮೊದಲ ಸಲ ಹಿಗ್ಗಿದ.

"ಸಾಹೇಬ್ರದು ಯಾವುದವ್ವಾ?"

"ಸೇಮ್ ನಂದೇ!"

ಆದರೆ ಗುಟ್ಟು ನಿಲ್ಲಲಿಲ್ಲ. ಊಟದ ಹೊತ್ತಿಗೆ ಪ್ಯಾಕಿಂಗಿನವರು ಬಂದು, ಹೋಗುವಾಗ ಟೇಬಲ್ ಫ್ಯಾನು ಬಿಟ್ಟು ಹೋಗ್ತೀರಾ ಎಂದು ಕೇಳಿದರು. ಮೂರು ಗಂಟೆಗೆ ಸತ್ಯಮೂರ್ತಿಯವರ ಕರೆ ಬಂತು. ಖಂಡಪ್ಪ ಕಾಲೆಳೆದುಕೊಂಡು ಒಳಗೆ ಹೋದ.

"ಬಾರಯ್ಯ. ಪುಣೆ ಪಾರ್ಟಿ ಆರ್ಡರ್ ಕಳ್ಸಿದೀನಿ ಅಂತಾನೆ, ಕಾಣ್ತಿಲ್ಲ. ಸ್ಪ್ಯಾಮಲ್ಲಿ ಬಿದ್ದಿರ್ಬೇಕು. ಈ ಸಣ್ಣ ಅಕ್ಷರ ನನ್ನ ಕಣ್ಣಿಗೆ ಹತ್ತಲ್ಲ, ನೀನೇ ಹುಡುಕು."

ಖಂಡಪ್ಪ ಮೌಸ್ ಹಿಡಿದ. ಪುಣೆಯ ಆರ್ಡರ್ ಸಿಕ್ಕಿತು. ಅದರ ಕೆಳಗೇ ಅವನ ಹೆಸರು! ಯಾರೂ ತೆರೆದಿರಲಿಲ್ಲ. ಆರ್ಡರನ್ನು ಇನ್‌ಬಾಕ್ಸಿಗೆ ದಾಟಿಸಿ ಕೇಳಿದ:

"ಸರ, ಉಳಿದ ಕಸಾ ತಗದು ಒಗೀಲ್ರಿ?"

"ಒಗಿ, ಒಗಿ."

ಶಾಶ್ವತವಾಗಿ ಅಳಿಸಲೇ ಎಂದು ಕಂಪ್ಯೂಟರ್ ಕೇಳಿತು. ಖಂಡಪ್ಪ ಒತ್ತಿದ. ಗದ್ದಲದ ಲೋಕಲ್ ರೈಲಿನಿಂದ ಇಳಿದಷ್ಟು ಹಗುರಾಗಿ ಎದ್ದು ನಿಂತ.

"ಕೂತ್ಕೋ," ಎಂದರು ಸತ್ಯಮೂರ್ತಿ. ದನಿ ಸಣ್ಣದಾಗಿತ್ತು. "ಗುರುವಾರ ನಿಂಗೊಬ್ಬನಿಗೇ ಮೇಲ್ ಮಾಡಿದ್ದೆ. ಯಾಕೆ ಉತ್ತರ ಬರೀಲಿಲ್ಲ?"

"ನನಗ್ರೀ?"

"ಸ್ಟೋರ್ ಮುಚ್ತಿದಾರೆ ಕಣಯ್ಯ. ಶನಿವಾರದೊಳಗೆ ನೀನಾಗೇ ರಾಜೀನಾಮೆ ಬರೆದ್ರೆ ಒಂದು ವರ್ಷದ ಸಂಬಳ ಕೊಡೋಕೆ ಮಾಲೀಕರನ್ನ ಹೇಗೋ ಒಪ್ಸಿದ್ದೆ. ಒಂದು ಸಾಲು ಬರೆದಿದ್ರೂ ಸಾಕಿತ್ತು. ಈಗ ಬರೀ ತಿಂಗಳ ನೋಟಿಸ್."

"ಸರ, ನಾ ಶನಿವಾರನ..." ಎಂದು ಬಾಯಿ ತೆರೆದ ಖಂಡಪ್ಪ ಪರದೆಯ ಕಡೆ ನೋಡಿದ. ಅಲ್ಲಿ ತೋರಿಸಲು ಏನೂ ಉಳಿದಿರಲಿಲ್ಲ. ತನ್ನ ಫೋನಿನ ಸ್ಪ್ಯಾಮ್ ತೆರೆದ. ಸತ್ಯಮೂರ್ತಿಯವರ ಗುರುವಾರದ ಮೇಲು ಅಲ್ಲಿ ಬೆಚ್ಚಗೆ ಮಲಗಿತ್ತು.

ಸತ್ಯಮೂರ್ತಿ ಬಗ್ಗಿ ಕಂಪ್ಯೂಟರಿನ ಬರಿದಾದ ಸ್ಪ್ಯಾಮ್ ನೋಡಿದರು. "ಚೆನ್ನಾಗಿ ಗುಡಿಸಿದೀಯ! ಹೇಗೂ ಇನ್ನೊಂದು ತಿಂಗಳು ಇರ್ತೀಯಲ್ಲ, ನಾಳೆಯಿಂದ ಬೆಳಿಗ್ಗೆ ಬಂದು ದಿನಾ ಇದೊಂದು ಮಾಡಿಕೊಡು."