ಆದಿತಾಳದಲ್ಲಿ ಹೊಟ್ಟೆಕಿಚ್ಚು

ಒಪ್ಪಿಕೊಂಡುಬಿಡುತ್ತೇನೆ, ನನಗೆ ಹೊಟ್ಟೆಕಿಚ್ಚು ಜಾಸ್ತಿ. ಪಕ್ಕದ ಮನೆಯವರ ರೇಷ್ಮೆ ಸೀರೆ, ಎದುರು ಮನೆಯವರ ಹೊಸ ಕಾರು ನನ್ನನ್ನು ಅಲ್ಲಾಡಿಸುವುದಿಲ್ಲ. ಆದರೆ ಶಂಕರಪುರದಲ್ಲಿ ನನ್ನನ್ನು ಬಿಟ್ಟು ಇನ್ನೊಬ್ಬರು ಸಂಗೀತ ಹೇಳಿಕೊಡುತ್ತಾರೆ ಎಂದರೆ ಊಟ ಸೇರುವುದಿಲ್ಲ. ಅದರಲ್ಲೂ ಆ ಇನ್ನೊಬ್ಬಳು ನನ್ನದೇ ಹಳೆಯ ಶಿಷ್ಯೆ, ಮಾಲತಿ.

ನನ್ನ ಪಾಠವೆಂದರೆ ಚಾಪೆ, ಚಕ್ಕಳಮಕ್ಕಳ, ನೆಟ್ಟಗಿನ ಬೆನ್ನು, ತೊಡೆಯ ಮೇಲೆ ತಾಳ. ಅಲ್ಲಾಡಿದರೆ ಬೈಗುಳ. ಮಾಲತಿಯ ಮನೆಯಲ್ಲಿ ಅಲ್ಲಾಡುವುದೇ ಪಾಠವಂತೆ. ಕಣ್ಣು ಕಾಣದವರು, ಕಿವಿ ಕೇಳದವರು, ಗಾಲಿಕುರ್ಚಿಯವರು, ಯಾವ ತೊಂದರೆಯೂ ಇಲ್ಲದವರು, ಎಲ್ಲರೂ ಒಟ್ಟಿಗೆ. ಸ್ವರ ಏರಿದಂತೆ ಕೈ ಏರಿಸಬೇಕು, ತಂಬೂರಿಯ ಬುರುಡೆ ಮುಟ್ಟಿ ಶ್ರುತಿ ಹಿಡಿಯಬೇಕು. ‘ಇದು ಸಂಗೀತವೋ ಡ್ರಿಲ್ಲೋ’ ಎಂದು ನಾನು ಮೂಗು ಮುರಿಯುತ್ತಿರುವಾಗಲೇ ನನ್ನ ಯಜಮಾನರು ಅಲ್ಲಿಗೆ ಸೇರಿಬಿಟ್ಟರು.

ಮದುವೆಯಾದ ಹೊಸದರಲ್ಲಿ ಇವರು ನನ್ನ ಆರತಿ ಹಾಡಿಗೆ ದನಿಗೂಡಿಸಿದಾಗ, "ನೀವು ಗಂಟೆ ಹೊಡೀರಿ, ಸಾಕು" ಎಂದಿದ್ದೆ. ಪಾಪ, ಮೂವತ್ತು ವರ್ಷ ಗಂಟೆ ಹೊಡೆದರು. ಈಗ ಬಚ್ಚಲುಮನೆಯಿಂದ ‘ಸ ರಿ ಗ ಮ’ ಎಂದು ಸರಳೆವರಸೆ!

"ಅಲ್ಲಿ ಯಾರೂ ನನ್ನ ಬಾಯಿ ಮುಚ್ಚಿಸಲ್ಲ ಕಣೇ" ಎಂದರು. ನನ್ನ ಗಂಡ ಇನ್ನೊಬ್ಬಳ ಮುಂದೆ ಹಾಡುವುದೆಂದರೇನು! ಮೈಯೆಲ್ಲ ಉರಿಯಿತು.

ಶನಿವಾರ ಕೋಸಂಬರಿ ಡಬ್ಬಿಯ ನೆಪದಲ್ಲಿ ಪತ್ತೇದಾರಿಕೆಗೆ ಹೊರಟೆ. ದೊಡ್ಡ ಮರದ ಹಲಗೆಯ ಮೇಲೆ ಕುಳಿತು ಮಾಲತಿ ಮೃದಂಗ ನುಡಿಸುತ್ತಿದ್ದಳು. ಅದೇ ಹಲಗೆಯ ಮೇಲೆ ಬರಿಗಾಲಲ್ಲಿ ನಿಂತ ಹತ್ತು ವರ್ಷದ ಸಿಂಚನಾ ಎಲ್ಲರಿಗೂ ತಾಳ ತೋರಿಸುತ್ತಿದ್ದಳು. ಹುಟ್ಟಿನಿಂದ ಅವಳಿಗೆ ಕಿವಿ ಕೇಳಿಸದು, ಪೆಟ್ಟು ಅಂಗಾಲಿಗೆ ತಿಳಿಯುತ್ತದಂತೆ. ಇವರೂ ಅವಳನ್ನೇ ನೋಡುತ್ತಾ ಶ್ರದ್ಧೆಯಿಂದ ಬೆರಳೆಣಿಸುತ್ತಿದ್ದರು.

"ಬನ್ನಿ ಮಿಸ್, ನೀವೂ ನಿಂತ್ಕೊಳ್ಳಿ" ಎಂದಳು ಮಾಲತಿ.

ತಾಳವೆಂದರೇನೆಂದು ತೋರಿಸಿಯೇ ಬಿಡೋಣವೆಂದು ಹಲಗೆ ಹತ್ತಿ ಗತ್ತಿನಿಂದ ಶುರುಮಾಡಿದೆ. ಎರಡನೆಯ ಆವರ್ತಕ್ಕೆ ಸಿಂಚನಾ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದಳು. ತನ್ನ ಅಂಗೈ ಮೇಲೆ ಎರಡು ಬೆರಳುಗಳನ್ನು ಓಡಿಸಿ ತೋರಿಸಿ, ಹಾಗಲ್ಲವೆಂದು ತಲೆಯಾಡಿಸಿದಳು.

"ನೀವು ತಾಳ ಬಿಟ್ಟು ಮುಂದೆ ಓಡ್ತಿದೀರ ಅಂತಿದಾಳೆ ಮಿಸ್" ಎಂದಳು ಮಾಲತಿ, ನನ್ನ ಮುಖ ನೋಡದೆ.

"ನಾನಾ? ನಿನಗೂ ಹಾಗೇ ಅನ್ಸುತ್ತಾ?"

"ನಿಮ್ಮ ಕ್ಲಾಸಲ್ಲಿ ಎಲ್ಲರಿಗೂ ಗೊತ್ತಿತ್ತು. ನಿಮಗೆ ಹೇಳೋ ಧೈರ್ಯ ಯಾರಿಗಿತ್ತು ಹೇಳಿ?"

‘ತಾಳ ಎಳೀತಿದೀಯ, ಎಳೀತಿದೀಯ’ ಎಂದು ಎಷ್ಟು ಮಕ್ಕಳನ್ನು ಅಳಿಸಿದ್ದೆನೋ ಲೆಕ್ಕವಿಲ್ಲ; ಓಡುತ್ತಿದ್ದವಳು ನಾನೇ! ನಾಚಿಕೆಯಾಯಿತು, ನಿಜವಾಗಿಯೂ.

ಈಗ ಪ್ರತಿ ಶನಿವಾರ ನಾನೂ ಹೋಗುತ್ತೇನೆ. ಇವರನ್ನು ಆಗಲೇ ಮುಂದಿನ ಪಾಠಕ್ಕೆ, ಜಂಟಿವರಸೆಗೆ ಏರಿಸಿದ್ದಾರೆ. ಸಿಂಚನಾ ಮಾತ್ರ ನನ್ನ ಮಣಿಕಟ್ಟನ್ನು ಇನ್ನೂ ಬಿಟ್ಟಿಲ್ಲ. ಮೊನ್ನೆ ಮನೆಗೆ ಬರುವಾಗ ಇವರು, "ಬೇಜಾರು ಮಾಡ್ಕೋಬೇಡ ಕಣೇ, ಕೆಲವರಿಗೆ ನಿಧಾನಕ್ಕೆ ಬರುತ್ತೆ" ಎಂದು ನನಗೆ ಸಮಾಧಾನ ಹೇಳಿದರು. ಮಾಲತಿಯ ಮೇಲೂ ನನ್ನ ಹೊಟ್ಟೆ ಇಷ್ಟು ಉರಿದಿರಲಿಲ್ಲ.