ವಕೀಲರ ಕಾವಲಿಗೆ ನಾನು

ಅಂಜೋರ ಬೆನ್ನಿಗೇ ಅಂಜೋ ಪ್ರಸಂಗ ಬೀಳ್ತಾವು. ಧೈರ್ಯದವರ ಮನಿಗೆ ಅವು ಹೋಗೂದ ಇಲ್ಲ, ಹೋದ್ರೂ ಹೊಚ್ಚಲದಾಗ ನಿಂತು ತಿರಗ್ತಾವು. ನನ್ನ ಕಡೆ ಮಾತ್ರ ಸೀದಾ ಒಳಗ ಬಂದು ಕುಂದ್ರತಾವು.

ನನಗೀಗ ಹದಿನೇಳು. ಅಪ್ಪ ಗೋಕಾಕ ಫಾಲ್ಸ್ ಮಿಲ್ಲಿನ್ಯಾಗ ಕೆಲಸಕ್ಕದಾನ. ನಾನು ದಪ್ಪ ಚಷ್ಮಾ ಹಾಕ್ಕೊಂಡು ಓದಕೋತ ಇರಾಂವ. ಈಗ ಹೇಳೂ ಪ್ರಸಂಗ ಇಷ್ಟ ದಿನ ಯಾರ ಮುಂದೂ ಹೇಳಿಲ್ಲ, ಯಾಕಂದ್ರ ಹೇಳಬೇಕಂದ್ರ ಬಾಯಿ ತಗೀಬೇಕಾಗತೈತಿ.

ನನ್ನ ಪರೀಕ್ಷಾ

ನಮ್ಮ ವಾಚನಾಲಯಕ್ಕ ದಿನಾ ಪೇಪರ ಓದಾಕ ಒಬ್ಬ ವಕೀಲರು ಬರ್ತಿದ್ರು. ಮೂಡಲಗಿ ಬಾಜೂಕಿನ ಒಂದು ಹಳ್ಳಿಯ ಕೇರ್ಯಾಗ ಹುಟ್ಟಿದವರು. ಕೇರಿ ಅಂದ್ರ, ಮುಟ್ಟಬಾರದು ಅಂತ ಊರವರು ದೂರ ಇಟ್ಟ ಮಂದಿ ಇರೂದು. ಬಾವಿ, ಹೋಟೆಲ್ಲು, ಗುಡಿ ಎಲ್ಲಾರಿಗೂ ತೆರದಿರಬೇಕು ಅಂತ ಕಾಯ್ದೆ ಬಂದಿತ್ತು. ಬಂದದ್ದು ದಿಲ್ಲಿಯಾಗ. ನಮ್ಮ ಕಡೆ ಅದರ ಬಸ್ಸು ಇನ್ನೂ ಮುಟ್ಟಿರಲಿಲ್ಲ.

ಹಂಗಾಗಿ ವಕೀಲರು ಹುಟ್ಟಿದ ಊರಾಗ, ಮುಂದಿನ ಸೋಮವಾರ ಕೇರಿ ಹೆಣ್ಮಕ್ಕಳು ಊರ ಬಾವಿಗೆ ಕೊಡ ಇಳಸೂದು ಅಂತ ನಿಶ್ಚೇ ಮಾಡಿದ್ರು. 'ಆ ದಿನ ವಕೀಲ ಬಂದ್ರ ಕಾಲ ಮುರಿತೇವಿ' ಅಂತ ಅಲ್ಲಿಂದ ಯಾರೋ ಹೇಳಿ ಕಳಿಸಿದ್ರು. ಒಬ್ಬರ ತಿರಗಬ್ಯಾಡ್ರಿ, ಜೋಡಿ ಯಾರನ್ನರ ಕರಕೊಂಡು ಹೋಗ್ರಿ ಅಂತ ವಾಚನಾಲಯದಾಗ ಹಿರ್ಯಾರು ಅಂದ್ರು. ತಾಲೀಮಿನ ಪೈಲವಾನರನ್ನ ಕೇಳಿದ್ರ ಒಬ್ಬಾಂವಗ ಬೆನ್ನು ಹಿಡದಿತ್ತು, ಇನ್ನೊಬ್ಬಾಂವಗ ಆ ಊರು ಸೋದರತ್ತಿ ಊರು ಆಗಬೇಕ.

ನನ್ನ ಕೈ ತಾನಾಗೇ ಮ್ಯಾಲ ಎದ್ದಿತು. ಯಾಕ ಅಂತ ಈಗೂ ತಿಳಿದಿಲ್ಲ. ಇಳಸಾಕ ನೋಡಿದೆ, ಅಷ್ಟರಾಗ ವಕೀಲರು ನೋಡೇ ಬಿಟ್ರು.

"ಜೋರ ಓಡಾಕ ಬರತೈತೇನು?"

"ಇಲ್ರಿ."

"ಒದರಾಕ?"

"ಅದೂ ಇಲ್ರಿ."

"ಮತ್ತೇನ ಬರತೈತೋ ತಮ್ಮಾ?"

"ಓದಾಕ, ಬರಿಯಾಕ್ರಿ."

ವಕೀಲರು ಪೇಪರ ಮಡಚಿ ಇಟ್ರು. "ಬಾ ಹಂಗಾರ. ನನ್ನ ಯಾರರ ಬಡದ್ರ ಕೋರ್ಟಿನ್ಯಾಗ ವರ್ಣನಾ ಆದ್ರೂ ಚಂದ ಆಗತೈತಿ."

ಮೀಸಿ ಮನಿಷಾ

ಸೋಮವಾರದ ತಯಾರಿಗೆ ಅಂತ ಎರಡು ದಿನ ಮೊದಲ ಮೂಡಲಗಿ ಬಸ್ಸು ಹಿಡದ್ವಿ. ಅವ್ವಗ ಪುಸ್ತಕ ತರಾಕ ಹೊಂಟೇನಿ ಅಂತ ಹೇಳಿದ್ದೆ. ಅದಕ್ಕ ಖರೆ ಕಾಣಲಿ ಅಂತ ಬಗಲಾಗ ಒಂದು ದೊಡ್ಡ ಪುಸ್ತಕನೂ ಹಿಡಕೊಂಡಿದ್ದೆ.

ಗೋಕಾಕ ಸ್ಟ್ಯಾಂಡಿನ್ಯಾಗ ನಮ್ಮ ಹಿಂದನ ಒಬ್ಬಾಂವ ಹತ್ತಿದ. ಕಲ್ಲಿ ಮೀಸಿ, ಕೆಂಪು ಪಟಗಾ, ಕೈಯಾಗ ಬಡಗಿ, ಎಣ್ಣಿ ಕುಡದ ದಪ್ಪ ಕೋಲು. ಬಸ್ಸು ಅರಭಾವಿ ದಾಟಿದ್ರೂ ನಮ್ಮ ಮ್ಯಾಲಿನ ಕಣ್ಣು ತಗೀಲಿಲ್ಲ. ನನ್ನ ಅಂಗಿ ಬೆವತು ಸೀಟಿಗೆ ಅಂಟಿತು. ಬಾಜೂಕ ವಕೀಲರು ಗೊರಕಿ ಹೊಡಿಯಾಕತ್ತಿದ್ರು. ಪುಸ್ತಕದ ಮೂಲಿಲೆ ತಿವದ್ರ ಆ ಕಡೆ ಹೊಳ್ಳಿ ಮಲಗಿದ್ರು.

ಮೂಡಲಗ್ಯಾಗ ಇಳದ್ವಿ, ಅವನೂ ಇಳದ. ಪ್ಯಾಟಿಗೆ ತಿರಗಿದ್ವಿ, ಅವನೂ ತಿರಗಿದ. ಕಡೀಕ ನಾನು ಪುಸ್ತಕ ಎರಡೂ ಕೈಲೆ ಎದಿಗೆ ಹಿಡದು ವಕೀಲರ ಮುಂದ ಅಡ್ಡ ನಿಂತೆ. ಅವ ಬಡಗಿ ಎತ್ತಿದ. ನಾ ಕಣ್ಣ ಮುಚ್ಚಿದೆ.

"ವಕೀಲ್ರ, ಬಾಜೂಕ ಸರೀರಿ," ಅಂದ ಅಂವ. "ಈ ಹುಡುಗ ಗೋಕಾಕದಿಂದ ನಿಮ್ಮ ಬೆನ್ನ ಹತ್ಯಾನ. ಪುಸ್ತಕದಾಗ ಏನೋ ಮುಚ್ಚಿಟ್ಟಾನ."

ವಕೀಲರ ಹೆಣ್ತಿ ತವರುಮನಿ ಹುಕ್ಕೇರಿ. ಅಳಿಯನ ಕಾಲಿನ ಚಿಂತಿ ಹತ್ತಿ ಮಾವನವರು ತಮ್ಮ ಊರಿನ ಈ ಕಾಕಾನ್ನ ಕಳಿಸಿದ್ರಂತ. ವಕೀಲರಿಗೆ ತಿಳಿಸಿದ್ರ ಬ್ಯಾಡ ಅಂತಾರ ಅಂತ ಗುಪ್ತ ಕಳಿಸಿದ್ರಂತ. ಪುಸ್ತಕ ಝಾಡಿಸಿ ತೋರಿಸಿದ ಮ್ಯಾಲೇ ಕಾಕಾ ಬಡಗಿ ಇಳಿಸಿದ.

ವಕೀಲರು ಇಬ್ಬರನ್ನೂ ನೋಡಿ ಅಂದ್ರು, "ನನ್ನ ಕಾಲ ಮುರಿಯಾವ್ರಿಗೆ ತಡೀರಿ ಅಂತ ಹೇಳಿ ಕಳಸೋಣು. ಮೊದಲ ನನ್ನ ಕಾವಲದವರ ಬಡದಾಟ ಮುಗೀಲಿ."

ಚಾ

ಅಲ್ಲೇ ಒಂದು ಹೋಟೆಲ್ಲಿತ್ತು. ಕೇರಿ ಮಂದಿಗೆ ಹೊರಗ ಗ್ವಾಡಿಗೆ ಮೊಳಿ ಬಡದು ಬ್ಯಾರೆ ಕಪ್ಪು ತೂಗಬಿಟ್ಟಿದ್ರು. ತಾವೇ ತೊಳಕೊಂಡು, ಹೊರಗ ನಿಂತು ಕುಡಿಬೇಕು. ವಕೀಲರು ಅದನ್ನ ನೋಡಿದ್ರು, ನೋಡಿ ಸೀದಾ ಒಳಗ ಹೋಗಿ ಕಟಗೀ ಬಾಂಕಿನ ಮ್ಯಾಲ ಕುಂತ್ರು. ನಾನು ಬಾಗಲ ಹಂತ್ಯಾಕ ಕುಂತೆ, ಓಡಾಕ ಬರದಿದ್ರೂ.

ಮಾಲಕನ ಮಾರಿ ಬಿಳಚಿಕೊಂಡಿತು. ಕೊಟ್ರ ಊರವರ ಸಿಟ್ಟು, ಇಲ್ಲ ಅಂದ್ರ ಕಾಯ್ದೆ. ಒಂದು ಹಾದಿ ಹುಡುಕಿದ.

"ಹಾಲ ಮುಗದೈತ್ರಿ. ಇವತ್ತ ಯಾರಿಗೂ ಚಾ ಇಲ್ಲ."

ಅವನ ಹಿಂದ ಪಾತೇಲಿ ತುಂಬ ಹಾಲು ಉಕ್ಕಾಕತ್ತಿತ್ತು.

"ಇರಲಿ ತಗೋ, ಹಾಲ ಬರೂತನಕ ಕುಂದ್ರತೇವಿ," ಅಂತ ವಕೀಲರು ಪೇಪರ ಬಿಚ್ಚಿದ್ರು. ನನಗ ಎದ್ದು ಹೋಗೋಣು ಅನಸಾಕತ್ತಿತ್ತು. ಬಾಜೂಕಿನ ಬಾಂಕಗಳ ಮ್ಯಾಲ ಸಂತಿಗೆ ಬಂದ ಗೌಡಕಿ ಮಂದಿ ಹತ್ತಾರು ಜನ ಇದ್ರು. ಎಲ್ಲಾರೂ ನಮ್ಮನ್ನ ನೋಡಾಕತ್ತಿದ್ರು. ಇನ್ನ ಬಡಿತಾರ, ಈಗ ಬಡಿತಾರ ಅಂತ ಕಾದೆ.

ಆದ್ರ ಅವರು ಮುಂಜಾನೆಯಿಂದ ಚಾ ಕುಡಿದಿರಲಿಲ್ಲ. ಒಬ್ಬ ತಲಿ ತಿಕ್ಕೊಂಡ. ಒಬ್ಬ ಆಕಳಿಸಿದ. ವಕೀಲರ ಮುಂದ ಒಂದ ಕಪ್ಪು ಹೊರಗ ಬಂದ್ರೂ ಮಾಲಕನ ಸುಳ್ಳು ಹಿಡದಂಗ, ಅದಕ್ಕ ಅವ ಯಾರಿಗೂ ಕೊಡವಲ್ಲ. ವಕೀಲರು ಮೊದಲ ಪಾನಾ ಓದಿ ಎರಡನೇದು ತಿರವಿದ್ರು. ಮೂರನೇ ಪಾನಾ ತಿರವೂದರಾಗ ಆ ಮಂದ್ಯಾಗಿನ ದೊಡ್ಡ ಮುಂಡಾಸದ ಅಜ್ಜ ಬಾಂಕ ಬಡದ.

"ಏ, ಆ ವಕೀಲಗ ಮೊದಲ ಕೊಟ್ಟ ಕಳಸೋ ಮಾರಾಯಾ! ಅವ ಪೇಪರನ್ಯಾಗಿನ ಜಾಹೀರಾತೂ ಬಿಡಾಂವಲ್ಲ. ಇಲ್ಲೆ ನನ್ನ ತಲಿ ಸಿಡದು ಹೊಂಟೈತಿ."

ಹಿಂಗ ಆ ಹೋಟೆಲ್ಲಿನ್ಯಾಗ ಎಲ್ಲಾರಕಿಂತ ಮೊದಲ ಕಪ್ಪು ವಕೀಲರಿಗೇ ಬಂತು, ಬಶಿ ಸುದ್ದಾ. ನನಗ ಕಡೀಕ ಬಂತು. ಬಾಗಲ ಕಡೆ ನೋಡಕೋತ ಹಿಡದಿದ್ದಕ್ಕ ಅರ್ಧ ಚಾ ಪುಸ್ತಕಾನ ಕುಡೀತು.

ಬಾವಿ

ಸೋಮವಾರ ಬಂತು. ಬರಬಾರದಿತ್ತು, ಆದ್ರ ಬಂತು.

ವಕೀಲರು, ಹುಕ್ಕೇರಿ ಕಾಕಾ, ನಾನು ವಕೀಲರ ಊರ ಬಾವಿಗೆ ಹೊಂಟ್ವಿ, ನಮ್ಮ ಹಿಂದ ಕೊಡ ಹಿಡದ ಕೇರಿ ಹೆಣ್ಮಕ್ಕಳು. ಎಲ್ಲಾರ ಮುಂದ ಒಬ್ಬ ಮುದಕಿ, ವಕೀಲರ ಸೋದರತ್ತಿ. ಹುಟ್ಟಿದಾಗಿಂದ ಆ ಬಾವಿ ಕಟ್ಟಿ ಕೆಳಗ ನಿಂತು, ಯಾರರ ನೀರ ಸುರವಿದ್ರ ಒಯ್ದಾಕಿ. ಇವತ್ತ ಸ್ವತಾ ಸೇದಬೇಕು ಅಂತ ಹೊಸಾ ಹಗ್ಗ ಹೆಗಲಿಗೆ ಹಾಕ್ಕೊಂಡು ಬಂದಿದ್ಲು.

ಕಟ್ಟಿ ಸುತ್ತ ಊರ ಮಂದಿ ನಿಂತಿದ್ರು. ನಡುವ ಹಿರ್ಯಾ, ಅದ ಹೋಟೆಲ್ಲಿನ ಮುಂಡಾಸದ ಅಜ್ಜ! ಕೇರಿಯವರ ಕೈಗೆ ಸಿಗಬಾರದು ಅಂತ ಊರ ಹಗ್ಗ, ಕೊಡ ಎಲ್ಲಾ ಮುಂಜಾನೆನ ತಗದು ಚಾವಡ್ಯಾಗ ಇಟ್ಟು ಕೀಲಿ ಹಾಕಿಸಿದ್ದ.

"ಚಾದ ಮಾತ ಬ್ಯಾರೆ ವಕೀಲ್ರ," ಅಂದ. "ಈ ಬಾವಿಗೆ ಇವರ ಹಗ್ಗ ಬೀಳಾಂಗಿಲ್ಲ."

ಮುದಕಿ ಕಟ್ಟಿ ಏರಿದ್ಲು. ಕಾಕಾ ಬಡಗಿ ಗಟ್ಟಿ ಹಿಡದ. ವಕೀಲರ ಕಾಲಿಗೆ ಯಾರೂ ಕೈ ಹಾಕಬಾರದು ಅಂತ ನಾನು ಅವರಿಗೂ ಮಂದಿಗೂ ನಡುವ, ಕಟ್ಟಿ ಮ್ಯಾಲ ಹೋಗಿ ನಿಂತೆ. ಆಗ ಹಿರ್ಯಾ ನನ್ನ ಕಾಲ ನೋಡಿದ.

"ಏ ಚಷ್ಮಾ! ಬಾವಿ ಕಟ್ಟಿ ಮ್ಯಾಲ ಚಪ್ಪಲ್ ಹಾಕ್ಕೊಂಡು ನಿಂತಿಯಲ್ಲೋ, ಇಳಿ!"

ಅಂಜಿಕ್ಯಾಗ ಚಪ್ಪಲ್ ಬಿಡೂದು ಮರತಿದ್ದೆ. ಗಾಬರ್ಯಾಗಿ ಇಳದೆ. ಆದ್ರ ತಪ್ಪು ಕಡೆ ಇಳದೆ.

ನೀರು ತಣ್ಣಗಿತ್ತು. ನನಗ ಈಸ ಬರೂದಿಲ್ಲ. ಒಂದು ಕಲ್ಲು ಅಪ್ಪಿಕೊಂಡು, ಒದರಾಕ ಬರೂದಿಲ್ಲ ಅಂದಿದ್ದ ನಾನು ಮೂಡಲಗಿ ತನಕ ಕೇಳುವಂಗ ಒದರಿದೆ. ಮ್ಯಾಲ ಗದ್ದಲ. ಹಗ್ಗ, ಹಗ್ಗ ಅನ್ನಾವ್ರು ಎಲ್ಲಾರೂ. ಊರ ಹಗ್ಗ ಚಾವಡ್ಯಾಗ. ಕೀಲಿಕೈ ಇಟ್ಕೊಂಡಾಂವ ಹೊಲಕ್ಕ ಹೋಗಿದ್ದ.

"ಏ ಮುದಕಿ, ಏನ ನೋಡ್ತಿ, ಬಿಡ ಹಗ್ಗಾ!" ಆ ಧ್ವನಿ ಹಿರ್ಯಾಂದು.

ಮುದಕಿ ಹಗ್ಗ ಬಿಟ್ಲು. ನಾ ನಡಕ್ಕ ಸುತಗೊಂಡೆ. ಮ್ಯಾಲ ಅದ ಹಗ್ಗಕ್ಕ ಕೇರಿ ಕೈ, ಊರ ಕೈ, ಕಾಕಾನ ಕೈ ಎಲ್ಲಾ ಹತ್ತಿದ್ವು, ಯಾವದು ಯಾರದು ನೋಡಾಕ ಪುರಸೊತ್ತಿರಲಿಲ್ಲ. ಆ ಬಾವಿಯೊಳಗಿಂದ ಕೇರಿಯವರು ಮೊದಲ ಸೇದಿದ್ದು ನೀರಲ್ಲ, ಕೊರಳಾಗ ಲಿಂಗ ಕಟ್ಟಿದ ನನ್ನ.

ನಾ ಕಟ್ಟಿ ಮ್ಯಾಲ ಬಿದ್ದು ಕೆಮ್ಮಾಕತ್ತಿದ್ದೆ. ಮುದಕಿ ಕೊಡ ಇಳಿಸಿದ್ಲು, ಸೇದಿದ್ಲು. ಯಾರೂ ತಡೀಲಿಲ್ಲ. ನೀರನ್ಯಾಗ ಇಣಕಿ ನೋಡಿದ್ಲಂತ, ಮೂಗು ಮುರದ್ಲಂತ, ಹೊರಗ ಸುರವಿದ್ಲು.

"ಈ ಹುಡುಗ ಚಪ್ಪಲ್ ಸುದ್ದಾ ಬಿದ್ದಾನ. ಈ ನೀರ ನಾ ಕುಡ್ಯಾಂಗಿಲ್ಲ."

"ಖರೆ ಐತಿ," ಅಂತು ಊರ ಕಡೆಯ ಒಂದು ಧ್ವನಿ. "ಯಾರ ಕುಡಿತಾರ ಇದನ್ನ? ನಾಳಿ ತಿಳಿ ಆದ ಮ್ಯಾಲ ಬಂದು ಸೇದ ಹೋಗ."

ವಕೀಲರು ನನ್ನ ಬಾಜೂಕ ಕುಂತು ಕಿವ್ಯಾಗ ಕೇಳಿದ್ರು, "ತಮ್ಮಾ, 'ನಾಳಿ ಬಂದು ಸೇದು' ಅಂದವರ್ಯಾರು? ನೋಡಿದೇನು? ವರ್ಣನಾ ಮಾಡು."

ನನ್ನ ಚಷ್ಮಾ ಬಾವ್ಯಾಗಿತ್ತು. ಕಣ್ಣ ಮುಂದ ಬರೇ ಬಿಳೇ ಮಂಜು. "ಕಾಣಸವಲ್ದ್ರಿ," ಅಂದೆ, ಕಿವ್ಯಾಗ ನೀರ ತುಂಬಿದ್ದಕ್ಕ ಜೋರಾಗೇ. "ಯಾರೋ ಸಣ್ಣ ಮನಿಷಾ ಇರಬೇಕ್ರಿ."

ಮಂಜಿನ್ಯಾಗಿಂದ ಹಿರ್ಯಾನ ದೊಡ್ಡ ಮುಂಡಾಸ ಮುಂದ ಬಂತು.

"ಯಾರ್ಲೇ ಸಣ್ಣ ಮನಿಷಾ? ನಾನಽ ಅಂದೇನಿ! ಈ ಊರಾಗ ಹಂಗ ಅನ್ನಾಕ ಇನ್ಯಾರಿಗೆ ಹಕ್ಕೈತಿ?"