ನನ್ನ ಸ್ವರ ನುಂಗಿದ ಡಿಸ್ಕ್ ಪ್ಲೇಯರಿಗೆ

ಮಾನ್ಯ ಡಿಸ್ಕ್ ಪ್ಲೇಯರ್ ಮಹಾಶಯರೇ,

ಚೆಂಬೂರಿನ ನಮ್ಮ ಬಿಲ್ಡಿಂಗಿನಲ್ಲಿ, ಹಾಲ್ ಎಂದು ನಾವು ಧೈರ್ಯವಾಗಿ ಕರೆಯುವ ಕೋಣೆಯಲ್ಲಿ, ಟೀವಿಯ ಕೆಳಗಿನ ಖಾನೆಯಲ್ಲಿ ಬಹುಕಾಲದಿಂದ ವಿರಾಜಮಾನರಾಗಿರುವ ತಮ್ಮ ಸನ್ನಿಧಾನಕ್ಕೆ, ಅದೇ ಕೋಣೆಯ ಸೋಫಾದಿಂದ ಸದಾನಂದನು ಮಾಡುವ ವಿನಮ್ರ ವಂದನೆಗಳು. ತಾವು ಕ್ಷೇಮವೆಂದು ಭಾವಿಸುತ್ತೇನೆ. ಮುಚ್ಚಳವಿಲ್ಲದೆ ಹೊಟ್ಟೆ ತೆರೆದುಕೊಂಡು, ಪಕ್ಕದ ಮಿಠಾಯಿ ಡಬ್ಬಿಯಲ್ಲಿ ಹೆಚ್ಚುವರಿ ಟ್ರಾನ್ಸ್‌ಫಾರ್ಮರನ್ನು ಇರಿಸಿಕೊಂಡು ಕುಳಿತವರ ಕ್ಷೇಮ ವಿಚಾರಿಸುವುದು ಸಭ್ಯತೆಯಲ್ಲ ಎಂದು ನನ್ನ ಮಡದಿ ವಿನೋದಿನಿ ಹೇಳುತ್ತಾಳಾದರೂ, ಪತ್ರಕ್ಕೆ ಅದರದೇ ಒಂದು ಪದ್ಧತಿಯಿದೆ. ಇದನ್ನು ಬಹಿರಂಗವಾಗಿ ಬರೆಯುತ್ತಿರುವುದೇಕೆಂದರೆ, ನನ್ನ ಮಾನವನ್ನು ತಾವು ಕಳೆದದ್ದೂ ಬಹಿರಂಗವಾಗಿಯೇ.

ಓದುಗರಿಗಾಗಿ ಸ್ವಲ್ಪ ಹಿನ್ನೆಲೆ ಹೇಳಲು ಅಪ್ಪಣೆಯಾಗಬೇಕು. ನಮ್ಮ ಕಾಲನಿಯಲ್ಲಿ ಉಡುಪಿ ಕಡೆಯವರೂ ವಿಜಯಪುರ ಕಡೆಯವರೂ ಸೇರಿ ಶನಿವಾರ ಶನಿವಾರ ನಡೆಸುವ ಭಜನಾ ಮಂಡಳಿಯೊಂದಿದೆ. ಮುಖ್ಯ ಗಾಯಕಿ ಶೀಲಾವತಿಯವರು, ಮೈಕು ಮತ್ತು ವಾಯರುಗಳ ಉಸ್ತುವಾರಿ ಪರಪ್ಪನದು, ಗಂಡಸರ ಸಾಲಿನ ಮೊದಲ ಮೈಕು ನನ್ನದು. ಮಂಡಳಿಯ ಬೆಳ್ಳಿಹಬ್ಬಕ್ಕೆ ಒಂದು ಸೂರ್ಯೋದಯದಿಂದ ಮರುದಿನದ ಸೂರ್ಯೋದಯದವರೆಗೆ ತಾಳ ನಿಲ್ಲದಂತೆ ಏಕಾಹ ಭಜನೆ ನಡೆದಾಗ, ಪರಪ್ಪ ಅದನ್ನು ಧ್ವನಿಮುದ್ರಿಸಿ, ಆಯ್ದ ಹಾಡುಗಳ ಡಿಸ್ಕ್ ಮಾಡಿ ಮನೆಮನೆಗೂ ಹಂಚಿದ. ಈಗ ಮತ್ತೊಂದು ಏಕಾಹ ಬರುತ್ತಿದೆ. ಅದರ ಮೊದಲ ಭಜನೆಯನ್ನು ಎತ್ತಿಕೊಡುವ ಗೌರವ ನನಗೆ ಸಿಗಬೇಕೆಂದು ನಾನು ಮಂಡಳಿಯಲ್ಲಿ ವಿನಂತಿಸಿಕೊಂಡಾಗ, ಎಲ್ಲರೂ ಮುಗುಳ್ನಕ್ಕು “ನೋಡುವಾ” ಎಂದರು. ಕರಾವಳಿಯವರು “ನೋಡುವಾ” ಎಂದರೆ ಅದು ‘ಬೇಡ’ ಎಂಬುದರ ನಯವಾದ ರೂಪವೆಂದು ಕರಾವಳಿಯವನಾದ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗಾಗಿ ಹಳೆಯ ಡಿಸ್ಕನ್ನೇ ಸಾಕ್ಷಿಯಾಗಿ ಮುಂದಿಡಲು ನಿರ್ಧರಿಸಿ, ತಮ್ಮ ಬಾಯಿಗೆ ಹಾಕಿ ಕೇಳಿದೆ.

ಮಹಾಶಯರೇ, ಅದರಲ್ಲಿ ಎಲ್ಲರೂ ಇದ್ದರು. ಶೀಲಾವತಿಯವರ ಆಲಾಪವಿತ್ತು, ಹಾರ್ಮೋನಿಯಂ ಇತ್ತು, ಯಾರದೋ ಕೆಮ್ಮಿಗೂ ಸ್ಥಾನ ಸಿಕ್ಕಿತ್ತು. ಮೊದಲ ಮೈಕು ಹಿಡಿದು ಕಂಠ ಬಿರಿಯುವಂತೆ ಹಾಡಿದ ನಾನು ಮಾತ್ರ ಎಲ್ಲೂ ಇರಲಿಲ್ಲ.

ಬಾಂದ್ರಾದ ಆಫೀಸಿನಿಂದ ಆಗಷ್ಟೇ ಬಂದ ಮಗಳು ಶ್ರಾವ್ಯಾ, ಚಪ್ಪಲಿ ಬಿಡುತ್ತಲೇ, “ಪಪ್ಪಾ, ಅದರೊಳಗೆ ನಿಮ್ಮ ಸ್ವರ ಹೈಯೇ ನಹೀ ತೋ ಎಲ್ಲಿಂದ ಬರ್ತದೆ?” ಎಂದಳು. ಕನ್ನಡವನ್ನೇ ನೆಟ್ಟಗೆ ಆಡಲು ಬಾರದ ಹುಡುಗಿಗೆ ಧ್ವನಿವಿಜ್ಞಾನ ಹೇಗೆ ತಿಳಿಯಬೇಕು ಎಂದು ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ವಿಕ್ರೋಳಿಯ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ನಿವೃತ್ತಿಯವರೆಗೂ ಬೇರೆಯವರ ಕೆಲಸದಲ್ಲಿ ದೋಷ ಹುಡುಕಿದವನು ನಾನು. ದೋಷ ತಮ್ಮದೇ ಎಂದು ನನಗೆ ತಕ್ಷಣ ಹೊಳೆಯಿತು. ಡಿಸ್ಕಿನೊಳಗಿನ ಅಂಕಿಗಳನ್ನು ತಾವು ಸರಿಯಾಗಿಯೇ ಓದುತ್ತೀರಿ, ಆದರೆ ಆ ಅಂಕಿಗಳನ್ನು ಸ್ವರವಾಗಿಸಿ ಹೊರಗೆ ಬಿಡುವ ಅನಲಾಗ್ ಭಾಗವನ್ನು ತಮ್ಮ ತಯಾರಕರು ಅಗ್ಗದ ಸಾಮಾನಿನಲ್ಲಿ ಮುಗಿಸಿದ್ದಾರೆ, ಅದನ್ನು ಬದಲಿಸಿದರೆ ಅಡಗಿದ್ದ ಸ್ವರಗಳೆಲ್ಲ ಎದ್ದು ಬರುತ್ತವೆ ಎಂದು ಇಂಟರ್ನೆಟ್ಟಿನ ಪರಮಜ್ಞಾನಿಗಳು ಕೂಡ ಒಕ್ಕೊರಲಿನಿಂದ ಹೇಳಿದರು.

ನಾನು ಎಲೆಕ್ಟ್ರಾನಿಕ್ ಸಾಮಾನಿನ ಪೇಟೆಯಾದ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಸೋಲ್ಡರಿಂಗ್ ಐರನ್ ತಂದೆ. ಮೊದಲು ತಮ್ಮಲ್ಲಿ ಸ್ವರ ಹಿಗ್ಗಿಸುವ ಹಳೆಯ ಎಂಟು ಕಾಲಿನ ಚಿಪ್ ಕಿತ್ತು ಹೊಸದನ್ನು ಕೂರಿಸಿದೆ. ಕೇಳಿದರೆ, ಆಹಾ, ಶೀಲಾವತಿಯವರ ಬಳೆಗಳು ಒಂದೊಂದಾಗಿ ಕೇಳಿಸಿದವು! ನಾನು ಕೇಳಿಸಲಿಲ್ಲ. ಆಮೇಲೆ ತಮ್ಮ ಕೆಪಾಸಿಟರುಗಳನ್ನು ಬದಲಿಸಿದೆ, ಹೊಸವು ಬಾಳೆಕಾಯಿಯಷ್ಟು ದಪ್ಪವಿದ್ದುದರಿಂದ ತಮ್ಮ ಮುಚ್ಚಳ ಅಂದೇ ಶಾಶ್ವತವಾಗಿ ಅಟ್ಟ ಸೇರಿತು. ಈ ಸಲ ಪ್ರಸಾದದ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದ್ದು ಎಷ್ಟು ಸ್ಪಷ್ಟವಾಗಿ ಕೇಳಿಸಿತೆಂದರೆ, ವಿನೋದಿನಿ ಓಡಿಹೋಗಿ ನಮ್ಮ ಮನೆಯ ಗ್ಯಾಸ್ ಆರಿಸಿ ಬಂದಳು, ಅಂದಿನ ಅನ್ನ ಅರೆಬೆಂದೇ ಉಳಿಯಿತು. ಅನಲಾಗ್ ಭಾಗಕ್ಕೆ ಪ್ರತ್ಯೇಕ ಟ್ರಾನ್ಸ್‌ಫಾರ್ಮರ್ ಕೊಟ್ಟಾಗ, ದೂರದ ಹಾರ್ಬರ್ ಲೈನಿನಲ್ಲಿ ಲೋಕಲ್ ರೈಲು ಹಾದುಹೋದದ್ದೂ, ಅದು ಚೆಂಬೂರಿನಲ್ಲಿ ನಿಂತದ್ದೂ ತಿಳಿಯಿತು. ಗಾಡಿ ಸಿಕ್ಕಿತು, ಸದಾನಂದ ಸಿಗಲಿಲ್ಲ.

ಉಳಿದದ್ದು ಒಂದೇ ಅನುಮಾನ. ಹಾಡು ಬದಲಾಗುವಾಗ ಟಪ್ಪೆಂಬ ಸದ್ದು ಕೇಳದಿರಲೆಂದು, ಪ್ರತಿ ಹಾಡಿನ ಆರಂಭದಲ್ಲಿ ಕ್ಷಣಹೊತ್ತು ತಮ್ಮ ಬಾಯಿ ಮುಚ್ಚಿಹಿಡಿಯುವ ಚಿಕ್ಕ ಟ್ರಾನ್ಸಿಸ್ಟರುಗಳು ತಮ್ಮಲ್ಲಿದ್ದವು. ಮುಪ್ಪಡರಿ ಅವು ಆ ಕ್ಷಣವನ್ನು ಎಳೆದೆಳೆದು ಹಾಡಿನ ಮೊದಲ ಸಾಲನ್ನೇ ನುಂಗುತ್ತಿದ್ದವು. ಉತ್ಸಾಹದಲ್ಲಿ ಮೊದಲ ಸಾಲನ್ನು ಎಲ್ಲರಿಗಿಂತ ಮುಂಚೆ ಶುರುಮಾಡುವವನು ನಾನೇ ಅಲ್ಲವೇ? ನನ್ನ ಸ್ವರವೆಲ್ಲ ಅವುಗಳ ಅಡಿಯಲ್ಲೇ ಬಿದ್ದಿದೆಯೆಂದು ನನಗೆ ಖಚಿತವಾಯಿತು. ಅವನ್ನು ಕಿತ್ತೆಸೆದೆ. ಆದರೆ ಫಲವನ್ನು ಒಬ್ಬನೇ ಕೇಳುವುದು ಸ್ವಾರ್ಥವೆನಿಸಿ, ಭಾನುವಾರ ಸಂಜೆ ಇಡೀ ಮಂಡಳಿಯನ್ನು ಮನೆಗೆ ಕರೆದು, ಚಹಾ ಮತ್ತು ಗೋಳಿಬಜೆಯ ಏರ್ಪಾಟು ಮಾಡಿ, ಅನಲಾಗ್ ಧ್ವನಿಯ ಮಹಿಮೆಯ ಕುರಿತು ನಾಲ್ಕು ಮಾತಾಡಿ, ತಮ್ಮ ಗುಂಡಿ ಒತ್ತಿದೆ.

ಅಂದು ತಾವು ತೋರಿದ ಪ್ರಾಮಾಣಿಕತೆಯನ್ನು ಹೊಗಳಲು ನನ್ನಲ್ಲಿ ಪದಗಳಿಲ್ಲ. ನಡುವಿನ ಹಾಡೊಂದರ ಆರಂಭದಲ್ಲಿ, ತಾಳ ಮಾತ್ರ ಮೆಲ್ಲಗೆ ನಡೆದಿದ್ದಾಗ, ಶೀಲಾವತಿಯವರ ಮೈಕಿನ ಹತ್ತಿರ ಬಗ್ಗಿದ ನನ್ನ ಮಡದಿಯ ಪಿಸುಮಾತು ಕೋಣೆಯಲ್ಲೇ ಆಡಿದಷ್ಟು ನಿಚ್ಚಳವಾಗಿ ಕೇಳಿಸಿತು: “ಪರಪ್ಪಣ್ಣ, ಇವರ ಮೈಕ್ ಬಂದ್ ಉಂಟಲ್ಲ?” ಅದಕ್ಕೆ ಪರಪ್ಪನ ಉತ್ತರವನ್ನೂ ತಾವು ಒಂದಕ್ಷರ ಬಿಡದೆ ನುಡಿದಿರಿ: “ಚಾಲೂ ಯಾವಾಗಿತ್ರೀ ವೈನಿ? ಒಳಗ ವಾಯರ್ ಕಡದು ವರ್ಷ ಆತು. ಹೊರಗ ಜೋತಾಡೂದು ಬರೇ ನೋಡಾಕ.” ಅದರ ಹಿಂದೆಯೇ ಇಡೀ ಹೆಂಗಸರ ಸಾಲು ಕಿಸಕ್ಕೆಂದದ್ದು ಕೂಡ, ಜ್ಞಾನಿಗಳು ಮಾತು ಕೊಟ್ಟಂತೆ, ಎಡದಿಂದ ಬಲಕ್ಕೆ ಹರಡಿಕೊಂಡು ಬಹಳ ಬೆಚ್ಚಗೆ ಕೇಳಿಸಿತು.

ಪರಪ್ಪ ನಮ್ಮ ಸೀಲಿಂಗ್ ಫ್ಯಾನನ್ನು ರಿಪೇರಿಗೆ ಬಂದವನಂತೆ ನೋಡತೊಡಗಿದ. ಶೀಲಾವತಿಯವರು “ಚಾ ತಣಿತದೆ, ಕುಡಿಯಿರಿ” ಎಂದು ನನ್ನ ಮನೆಯಲ್ಲಿ ನನಗೇ ಉಪಚಾರ ಹೇಳಿದರು. ಬೆರಗಾದವರು ಅಲ್ಲಿ ಯಾರೂ ಇರಲಿಲ್ಲ, ಅದೇ ನನ್ನನ್ನು ಹೆಚ್ಚು ಚುಚ್ಚಿತು. ಕಾಲನಿಗೆಲ್ಲ ಗೊತ್ತಿದ್ದ ಸಂಗತಿಯನ್ನು ನನಗೊಬ್ಬನಿಗೆ ತಿಳಿಸಲು ನಾನೇ ಬಜೆ ಕರಿಸಿ ಸಮಾರಂಭ ಏರ್ಪಡಿಸಿದ್ದೆ.

ಈ ಹಿನ್ನೆಲೆಯಲ್ಲಿ ತಮ್ಮಲ್ಲಿ ಕೆಲವು ಕೋರಿಕೆಗಳಿವೆ. ತಾವು ಕೇಳಿದ್ದನ್ನು ದಯವಿಟ್ಟು ಮರೆಯತಕ್ಕದ್ದು. ಅದಾಗದಿದ್ದರೆ, ಇಷ್ಟೆಲ್ಲ ಹೊಸ ಸಾಮಾನು ನುಂಗಿದ ಋಣಕ್ಕಾದರೂ, ಡಿಸ್ಕಿನಲ್ಲಿ ಇಲ್ಲದ ನನ್ನ ಸ್ವರವನ್ನು ಊಹಿಸಿಕೊಂಡು, ಶ್ರುತಿಗೆ ತಕ್ಕಂತೆ ಸ್ವಲ್ಪ ತಿದ್ದಿ, ತಾವೇ ಹಾಡತಕ್ಕದ್ದು. ಅದೂ ಸಾಧ್ಯವಿಲ್ಲವಾದರೆ, ಮೊದಲಿನ ಮಂದಗಿವಿಯ ಸಭ್ಯಸ್ಥರಾಗಿ ಹಿಂದಿರುಗತಕ್ಕದ್ದು. ಆಗ ತಾವು ಸ್ವಲ್ಪ ಒರಟಾಗಿ ಹಾಡುತ್ತಿದ್ದಿರಿ ನಿಜ, ಆದರೆ ಒಂದು ಸಂಸಾರದೊಳಗೆ ಯಾವ ಮಾತನ್ನು ನುಂಗಬೇಕೆಂಬ ವಿವೇಕ ತಮ್ಮಲ್ಲಿತ್ತು.

ಇಷ್ಟಕ್ಕೇ ನಿಲ್ಲಿಸಿದರೆ ದೂರು ಪೂರ್ಣವಾಗುತ್ತಿತ್ತು. ಆದರೆ ಶನಿವಾರ ನಡೆದದ್ದನ್ನು ತಾವು ಕಣ್ಣಾರೆ ಕಂಡಿರುವುದರಿಂದ ಮುಚ್ಚಿಟ್ಟು ಪ್ರಯೋಜನವಿಲ್ಲ. ಅಂದು ನಾನು ಭಜನೆಗೆ ಹೋಗದೆ ಸೋಫಾದಲ್ಲಿ ಕೂತಿದ್ದೆ. ವಿನೋದಿನಿಯೂ ಹೋಗಲಿಲ್ಲ. ನನ್ನ ಪಕ್ಕದಲ್ಲಿ ಬಂದು ಕೂತು, ತಮ್ಮ ತೆರೆದ ಹೊಟ್ಟೆಯನ್ನು ನೋಡುತ್ತ ಹೇಳಿದಳು: “ನಿಮ್ಮ ಸ್ವರ ಮೈಕಿಗೆ ಬೇಡ ಅಂತ ಹೇಳಿದ್ದು ನಾನೇ. ನನಗೆ ಬೇಡ ಅಂತ ಹೇಳಿದ್ದುಂಟಾ? ಇಷ್ಟು ವರ್ಷ ಹೆಂಗಸರ ಸಾಲಿನ ಕೊನೆಯಲ್ಲಿ, ನಿಮ್ಮ ಹತ್ತಿರವೇ ಕೂತದ್ದು ಯಾರು?” ನನ್ನ ಕಣ್ಣು ತುಂಬಿ ಬಂತು. “ಹಾಡಿ” ಎಂದಳು. ಹಾಡಿದೆ. ಎರಡನೆಯ ಸಾಲಿಗೇ ಕೈ ಎತ್ತಿ, “ಇಲ್ಲಿ ಮೇಲೆ ಹೋಯ್ತು, ಇಳಿಸಿ” ಎಂದಳು. ಇಳಿಸಿದೆ. ಮಂಗಳದವರೆಗೂ ಅವಳು ಕೈತಾಳ ಬಿಡಲಿಲ್ಲ. ಆ ಹೊತ್ತು ತಮ್ಮ ಸ್ವಿಚ್ಚು ಆರಿತ್ತೆಂಬುದನ್ನು ಇಲ್ಲಿ ಗೌರವಪೂರ್ವಕವಾಗಿ ದಾಖಲಿಸುತ್ತೇನೆ.

ತಮ್ಮ ಮುಪ್ಪು ಇನ್ನಷ್ಟು ಮೌನವಾಗಿ ಸಾಗಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ಸದಾನಂದ
(ಗಂಡಸರ ಸಾಲು, ಮೊದಲ ಮೈಕು)

ತಾ.ಕ.: ಬರುವ ಏಕಾಹದ ಮೊದಲ ಭಜನೆಯನ್ನು ಮಂಡಳಿ ನನಗೇ ಬಿಟ್ಟುಕೊಟ್ಟಿದೆ. ಅರ್ಧ ಕನಿಕರದಿಂದ, ಉಳಿದರ್ಧ ಆ ಸತ್ತ ಮೈಕಿನ ಮೇಲಿನ ಭರವಸೆಯಿಂದ. ಒರೆಸಿ ಕೊಡುತ್ತೇನೆಂದು ಹೇಳಿ ನಿನ್ನೆ ಪರಪ್ಪನಿಂದ ಅದನ್ನು ಮನೆಗೆ ತಂದೆ. ತಮ್ಮ ಹೊಟ್ಟೆಯ ಮೇಲೆ ಕಲಿತ ಸೋಲ್ಡರಿಂಗ್ ವ್ಯರ್ಥವಾಗಿಲ್ಲ, ಒಳಗಿನ ವಾಯರು ಈಗ ಭದ್ರವಾಗಿ ಕೂತಿದೆ. ಈ ಸಂಗತಿ ವಿನೋದಿನಿಗೂ ಇನ್ನೂ ತಿಳಿದಿಲ್ಲ.